ಕೇಳು ಅನ್ನುವ ಎರಡಕ್ಷರ

ಬೆಳಗಿನ ಐದು ಗಂಟೆಗೆ ನಮ್ಮ ಬೀದಿಯಲ್ಲಿ ಮೊದಲು ಕೇಳಿಸುವುದು ನನ್ನ ಅಮ್ಮನ ದನಿ. ಹಾಲಿನ ಗಾಡಿ ಬರುವುದು ಆಮೇಲೆ. ಲಿಂಗರಾಜಪುರದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳಲ್ಲಿ ನಮ್ಮದೂ ಒಂದು. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರು ಮನೆಗೆ ಘಮ ಹೋಗುತ್ತದೆ. ಅಂಥ ಕಡೆ ಅಮ್ಮ ಚಾಪೆ ಹಾಸಿ, ಸೆರಗನ್ನು ತಲೆಗೆ ಹೊದ್ದು, ಮೊಣಕಾಲೂರಿ, ತನಗೇ ಗೊತ್ತಿಲ್ಲದಷ್ಟು ಜೋರಾಗಿ ಪ್ರಾರ್ಥನೆ ಮಾಡುತ್ತಾಳೆ.

ಗೊತ್ತಿಲ್ಲದಷ್ಟು ಅಂದೆ, ಯಾಕೆಂದರೆ ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಮಿಷನ್ ಹಾಕಿಕೊಂಡರೆ ಎದುರು ಕೂತವರ ಮಾತು ಅಷ್ಟಿಷ್ಟು ಸಿಗುತ್ತದೆ. ಬೆಳಗಿನ ಪ್ರಾರ್ಥನೆಗೆ ಮಾತ್ರ ಮಿಷನ್ ಮುಟ್ಟುವುದಿಲ್ಲ. ಅದು ಕಿಟಕಿಯ ಹತ್ತಿರ ಪುಟ್ಟ ಡಬ್ಬಿಯಲ್ಲಿ ಮಲಗಿರುತ್ತದೆ. "ಹಾಕ್ಕೊಂಡ್ರೆ ಸ್ವಲ್ಪ ಮೆತ್ತಗೆ ಮಾತಾಡಬಹುದಲ್ಲ" ಅಂತ ಒಮ್ಮೆ ಹೇಳಿದ್ದೆ. "ಆ ಹೊತ್ತಲ್ಲಿ ಕೇಳಿಸ್ಕೋಬೇಕಾದವನು ಅವನು, ನಾನಲ್ಲ" ಅಂದಳು.

ಅಮ್ಮನ ಪ್ರಾರ್ಥನೆಗೆ ಒಂದು ದಾರಿ ಇದೆ. ಮೊದಲು ಸ್ತೋತ್ರ. ರಾತ್ರಿ ಕಾಪಾಡಿದ್ದಕ್ಕೆ, ಎಚ್ಚರ ಕೊಟ್ಟಿದ್ದಕ್ಕೆ. ಆಮೇಲೆ ಹೆಸರುಗಳು. ನನ್ನದು, ನನ್ನ ಹೆಂಡತಿಯದು, ಮಗಳದು, ಊರಿನ ಚಿಕ್ಕಮ್ಮಂದಿರದು, ನಮ್ಮ ಚರ್ಚಿನ ಸಭೆಯಲ್ಲಿ ಕಾಯಿಲೆ ಬಿದ್ದವರದು, ಕೊನೆಗೆ ಬೀದಿಯವರದು. ಪಕ್ಕದ ಮನೆಯಾಕೆ ಕ್ರೈಸ್ತರಲ್ಲ. ಒಂದು ದಿನ ನೀರಿನ ಹತ್ತಿರ ಸಿಕ್ಕಾಗ ನನ್ನನ್ನು ಕೇಳಿದರು: "ನಿಮ್ಮಮ್ಮ ದಿನಾ ನನ್ನ ಮಗನ ಹೆಸರು ಹೇಳ್ತಾರೆ ಅಲ್ವಾ? ಗೋಡೆಯಾಚೆಯಿಂದ ಕೇಳಿಸತ್ತೆ." ಆ ಹುಡುಗ ಎರಡು ಸಲ ಪಿಯುಸಿಯಲ್ಲಿ ಫೇಲಾಗಿದ್ದ. ಅವನ ಹೆಸರನ್ನು ಬೆಳಗಿನ ಕತ್ತಲಲ್ಲಿ ಯಾರೋ ಕಾಳಜಿಯಿಂದ ಹೇಳುತ್ತಿದ್ದಾರೆ ಅನ್ನುವುದೇ ಆಕೆಗೆ ಏನೋ ಒಂದು ಧೈರ್ಯ ಕೊಟ್ಟಿತ್ತು. ಹೇಳುವಾಗ ಕಣ್ಣು ತುಂಬಿಕೊಂಡಿತ್ತು.

ಆ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಹೆಸರು ಬರುತ್ತದೆ. ನನ್ನ ತಮ್ಮನದು. ಅವನು ತೀರಿಹೋಗಿ ವರ್ಷಗಳಾದವು. ಸತ್ತವರಿಗಾಗಿ ಬೇಡಿಕೊಳ್ಳುವ ರೂಢಿ ನಮ್ಮ ಸಭೆಯಲ್ಲಿ ಇಲ್ಲ. ಅಮ್ಮ ಬೇಡಿಕೊಳ್ಳುವುದೂ ಇಲ್ಲ. "ನಿನ್ನ ಹತ್ರ ಇದ್ದಾನೆ, ಯೇಸಪ್ಪಾ" ಅನ್ನುತ್ತಾಳೆ ಅಷ್ಟೇ. ಆಮೇಲೆ ಆಮೆನ್.

ಆ ಕತೆ ಹೇಳದೆ ಈ ಬರಹ ಮುಂದಕ್ಕೆ ಹೋಗುವುದಿಲ್ಲ.

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯಕ್ಕೆಲ್ಲ ಬೀಗ ಬಿತ್ತು. ಬೆಂಗಳೂರೊಂದರಲ್ಲೇ ದಿನಕ್ಕೆ 20,000ಕ್ಕೂ ಹೆಚ್ಚು ಕೊರೊನಾ ಕೇಸು ಬರುತ್ತಿದ್ದ ದಿನಗಳು. ತಮ್ಮನಿಗೆ ಆಗ 41. ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ಕ್ರಿಸ್‌ಮಸ್ ಬಂದರೆ ಗೀತೆಗಳ ಹಾಳೆ ನೂರಾರು ಪ್ರತಿ ತೆಗೆದು ಹೆಗಲ ಚೀಲದಲ್ಲಿ ತುಂಬಿಕೊಂಡು ಚರ್ಚಿಗೆ ತರುತ್ತಿದ್ದ, ದುಡ್ಡು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಮೇ ಮೊದಲ ವಾರ ಅವನಿಗೆ ಉಸಿರು ಕಟ್ಟತೊಡಗಿತು. ಬೆಡ್ಡಿಗಾಗಿ ಒಂದು ರಾತ್ರಿ ಪೂರ್ತಿ ಅಲೆದೆವು. ಸಿಕ್ಕಿತು. ಯಾರನ್ನೂ ದೂರುವುದಿಲ್ಲ, ಅಲ್ಲಿದ್ದ ನರ್ಸುಗಳ ಕಣ್ಣು ನೋಡಿದವರು ದೂರಲಾರರು.

ಚರ್ಚು ಮುಚ್ಚಿತ್ತು. ಸಭೆಯವರು ಫೋನಿನಲ್ಲೇ ಸರಪಳಿ ಪ್ರಾರ್ಥನೆ ಶುರು ಮಾಡಿದರು. ಹಗಲು ರಾತ್ರಿ 24 ಗಂಟೆ, ಒಂದೊಂದು ಮನೆಗೆ ಒಂದೊಂದು ಗಂಟೆ. ರಾತ್ರಿ ಎರಡರಿಂದ ಮೂರು ನಮ್ಮ ಮನೆಯದು. ಪಟ್ಟಿಯ ತಲೆಯಲ್ಲಿ ಎರಡು ಹೆಸರು. ಒಂದು ತಮ್ಮನದು, ಇನ್ನೊಂದು ನಮ್ಮ ಸಭೆಯ ಒಬ್ಬ ಹೆಂಗಸಿನದು. ಅವರಿಗೂ ಅದೇ ಕಾಯಿಲೆ, ಅದೇ ವಾರ. ಅದೇ ಬಾಯಿಗಳು, ಅದೇ ಗಂಟೆಗಳು, ಅದೇ ಮಾತುಗಳು. ಆಕೆ ಹನ್ನೊಂದನೇ ದಿನ ಮನೆಗೆ ಬಂದರು. ತಮ್ಮ ಒಂಬತ್ತನೇ ದಿನ ಹೋದ.

ಹೊಸೂರು ರಸ್ತೆಯ ಸ್ಮಶಾನದಲ್ಲಿ ನಾವು ಬೆರಳೆಣಿಕೆಯಷ್ಟು ಜನ. ಅಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ನಮ್ಮ ಪಾದ್ರಿ ಅಯ್ಯನವರು ಮಾಸ್ಕಿನ ಹಿಂದಿನಿಂದ ಓದಿದರು. ಮಣ್ಣು ಬೀಳುವ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಕೆಲವು ತಿಂಗಳು ಕಳೆದ ಮೇಲೆ ಮನೆಮನೆಗಳಲ್ಲಿ ಪ್ರಾರ್ಥನಾ ಕೂಟ ಮತ್ತೆ ಶುರುವಾಯಿತು. ಒಂದು ಸಂಜೆ ಆ ಹೆಂಗಸು ಎದ್ದು ನಿಂತು ಸಾಕ್ಷಿ ಹೇಳಿದರು. "ನಿಮ್ಮೆಲ್ಲರ ಪ್ರಾರ್ಥನೆಯನ್ನು ದೇವರು ಕೇಳಿದ. ಅದಕ್ಕೇ ನಾನು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ." ಎಲ್ಲರೂ ಸ್ತೋತ್ರ ಅಂದರು, ಚಪ್ಪಾಳೆ ತಟ್ಟಿದರು. ಆಕೆ ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನನಗೆ ಅಲ್ಲಿ ಕೂರಲು ಆಗಲಿಲ್ಲ. ಎದ್ದು ಹೊರಗೆ ಬಂದು ಬಾಗಿಲ ಬಳಿ ಚಪ್ಪಲಿಗಳ ನಡುವೆ ನಿಂತೆ. ಆಕೆಯ ಹೆಸರಿಗೆ ಕಿವಿಗೊಟ್ಟವನು ತಮ್ಮನ ಹೆಸರು ಬಂದಾಗ ಎಲ್ಲಿ ಹೋಗಿದ್ದ?

ಮನೆಗೆ ಬಂದ ಮೇಲೆ ಅಮ್ಮನಿಗೆ ಸಾಕ್ಷಿಯನ್ನು ಜೋರಾಗಿ ಮತ್ತೊಮ್ಮೆ ಹೇಳಿದೆ. ಅಲ್ಲಿ ಅವಳಿಗೆ ಏನೂ ಕೇಳಿಸಿರಲಿಲ್ಲ. ಎಲ್ಲರ ಕೈ ನೋಡಿ ಚಪ್ಪಾಳೆ ತಟ್ಟಿದ್ದಳು. "ಒಳ್ಳೇದಾಯ್ತು. ಅವಳಿಗೆ ಚಿಕ್ಕ ಮಕ್ಕಳಿದಾವೆ" ಅಂದಳು. ನಾನು ಬಿಡಲಿಲ್ಲ. "ಹಾಗಾದ್ರೆ ನಮ್ಮದು ಯಾಕೆ ಕೇಳಲಿಲ್ಲ?" ಅಂತ ಕೂಗಿದೆ. ಅವಳಿಗೆ ಕೇಳಿಸಲಿ ಅಂತ ಮಾತ್ರ ಕೂಗಿದ್ದಲ್ಲ ಅದು. ಅಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

"ಕೇಳಿಸ್ಕೊಂಡ. ನಮ್ಮ ಮಾತು ಕೇಳಲಿಲ್ಲ."

ಅಷ್ಟು ಹೇಳಿ ತಟ್ಟೆ ಹಾಕಲು ಎದ್ದಳು.

ಆ ಮಾತನ್ನು ನಾನು ತುಂಬ ದಿನ ಹೊತ್ತುಕೊಂಡು ತಿರುಗಿದ್ದೇನೆ. ನಮ್ಮ ಕನ್ನಡದಲ್ಲಿ ಈ ಕೇಳು ಅನ್ನುವ ಎರಡಕ್ಷರ ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ಬೇಕಾದದ್ದನ್ನು ಬೇಡುವುದೂ ಕೇಳುವುದೇ. ಗೊತ್ತಿಲ್ಲದ್ದನ್ನು ವಿಚಾರಿಸುವುದೂ ಕೇಳುವುದೇ. ಕಿವಿಯಿಂದ ಆಲಿಸುವುದೂ ಕೇಳುವುದೇ. "ನನ್ನ ಮಗ ಮಾತು ಕೇಳಲ್ಲ" ಅಂದರೆ ಅವನು ಕಿವುಡ ಅಂತಲ್ಲ, ಹೇಳಿದಂತೆ ನಡೆಯುವುದಿಲ್ಲ ಅಂತ. ಪ್ರಾರ್ಥನೆಯಲ್ಲಿ ನಾನು ಕೇಳುತ್ತೇನೆ, ದೇವರು ಕೇಳುತ್ತಾನೆ. ಎರಡೂ ಕಡೆ ಒಂದೇ ಪದ. ಬೇಡುವವನೂ ಆಲಿಸುವವನೂ ಒಂದೇ ಪದದಲ್ಲಿ ಎದುರುಬದುರು ಕೂತಿದ್ದಾರೆ. ಇದು ನನಗೆ ಈಗ ತುಂಬ ಇಷ್ಟ.

ಆದರೆ ಎಡವುವುದೂ ಇಲ್ಲೇ. "ದೇವರು ನನ್ನ ಪ್ರಾರ್ಥನೆ ಕೇಳಲಿಲ್ಲ" ಅಂತ ನಾನು ಎರಡು ವರ್ಷ ಹೇಳಿಕೊಂಡು ಬಂದೆ. ಹೇಳುವಾಗ ಮನಸ್ಸಿನಲ್ಲಿ ಇದ್ದದ್ದು ಮಾತು ಕೇಳಲಿಲ್ಲ ಅನ್ನುವ ಅರ್ಥ. ನೋವು ಮಾತ್ರ ಇನ್ನೊಂದು ಅರ್ಥದ್ದು. ಅವನಿಗೆ ಕೇಳಿಸಲೇ ಇಲ್ಲ, ನಮ್ಮ ರಾತ್ರಿ ಎರಡು ಗಂಟೆ ಖಾಲಿ ಗೋಡೆಗೆ ಹೋಯಿತು ಅನ್ನುವ ನೋವು. ಅಮ್ಮ ಆ ಎರಡನ್ನು ಬಿಡಿಸಿಟ್ಟಳು. ಮಗ ಬದುಕಲಿಲ್ಲ ಅನ್ನುವ ದುಃಖವನ್ನು ಅವಳು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಿಕೊಳ್ಳಲಿಲ್ಲ. ಆದರೆ ಕೇಳಿಸಿಕೊಳ್ಳುವವನೇ ಇಲ್ಲ ಅನ್ನುವ ಇನ್ನೊಂದು ದುಃಖವನ್ನು ಅದರ ಮೇಲೆ ಹೇರಿಕೊಳ್ಳಲೂ ಇಲ್ಲ.

ಆ ಎರಡು ವರ್ಷ ನಾನು ಪ್ರಾರ್ಥನೆ ಮಾಡಲಿಲ್ಲ. ಚರ್ಚಿಗೆ ಹೋಗುತ್ತಿದ್ದೆ, ಅಮ್ಮನನ್ನು ಕರೆದುಕೊಂಡು ಹೋಗುವವರು ಬೇರೆ ಯಾರೂ ಇರಲಿಲ್ಲ. ಅವೆನ್ಯೂ ರೋಡಿನ ರೈಸ್ ಮೆಮೋರಿಯಲ್ ಚರ್ಚಿಗೆ ನಾವು ಆಗಾಗ ಹೋಗುವುದುಂಟು. ಕನ್ನಡದ ಆರಾಧನೆ. ಬೆಂಗಳೂರಿನಲ್ಲಿ ಸುಮಾರು ಅರ್ಧ ಶತಮಾನ ಕೆಲಸ ಮಾಡಿದ ಮಿಷನರಿ ಬೆಂಜಮಿನ್ ರೈಸ್ ಹೆಸರಿನದು. ಶಾಸನಗಳನ್ನು ಹುಡುಕಿ ಅಚ್ಚು ಮಾಡಿಸಿದ ಬಿ. ಎಲ್. ರೈಸ್ ಅವರ ತಂದೆ ಇವರು. ಹೊರಗೆ ಭಾನುವಾರದ ಹಳೇ ಪುಸ್ತಕದ ವ್ಯಾಪಾರ, ಗಾಡಿಗಳ ಹಾರ್ನು, ಕೂಲಿಯವರ ಕೂಗು. ಒಳಗೆ ಕೀರ್ತನೆ. ಹಾಡುವಾಗ ಅಮ್ಮ ಅಂಗೈಯನ್ನು ಮುಂದಿನ ಬೆಂಚಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಳ್ಳುತ್ತಾಳೆ. ಯಾಕೆ ಅಂತ ಕೇಳಿದ್ದಕ್ಕೆ, ಮರ ನಡುಗುವುದು ಕೈಗೆ ಗೊತ್ತಾಗುತ್ತದೆ, ಹಾಡು ಎಲ್ಲಿಗೆ ಬಂತು ಅಂತ ತಿಳಿಯುತ್ತದೆ ಅಂದಳು.

ಆ ದಿನಗಳಲ್ಲಿ ನನಗೆ ಇಬ್ಬರು ಸಮಾಧಾನ ಹೇಳಿದರು. ಒಬ್ಬರು "ದೇವರ ಚಿತ್ತ" ಅಂದರು. ಇನ್ನೊಬ್ಬರು, ಒಳ್ಳೆಯ ಮನಸ್ಸಿನವರೇ, ನಂಬಿಕೆ ಸ್ವಲ್ಪ ಕಡಿಮೆಯಾಗಿರಬೇಕು ಅಂದರು. ಮೊದಲನೆಯ ಮಾತು ಸರಿಯೇ ಇರಬಹುದು. ಆದರೆ ಹೆಣದ ಮುಂದೆ ಅಷ್ಟು ಬೇಗ ಹೇಳಬಾರದು. ಎರಡನೆಯದನ್ನು ಯಾರೂ ಯಾರಿಗೂ ಯಾವತ್ತೂ ಹೇಳಬಾರದು ಅಂತ ನಾನು ನಂಬುತ್ತೇನೆ. ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೂ ಸಾಕು ಅಂತ ಯೇಸು ಹೇಳಿದ್ದು ಧೈರ್ಯ ತುಂಬಲು. ಅದನ್ನೇ ತಕ್ಕಡಿ ಮಾಡಿ ಅತ್ತ ತಾಯಿಯ ನಂಬಿಕೆ ತೂಗುವುದು ಕ್ರೂರ. ಅಪೊಸ್ತಲನಾದ ಪೌಲನೇ ತನ್ನ ಶರೀರದ ಮುಳ್ಳು ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ, "ನನ್ನ ಕೃಪೆಯೇ ನಿನಗೆ ಸಾಕು". ಮುಳ್ಳು ಹೋಯಿತು ಅಂತ ಅವನು ಎಲ್ಲೂ ಬರೆದಿಲ್ಲ. ಪೌಲನಿಗೆ ನಂಬಿಕೆ ಸಾಲದಾಗಿತ್ತೇ?

ನನ್ನನ್ನು ಮತ್ತೆ ಬೈಬಲ್ಲಿನ ಹತ್ತಿರ ಎಳೆದದ್ದು ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ. ಸಂಡೇ ಸ್ಕೂಲಿನಿಂದ ಗೊತ್ತಿರುವ ಕತೆಯೇ. ಅರಸ ಹೆರೋದ ಯೇಸುವಿನ ಶಿಷ್ಯ ಪೇತ್ರನನ್ನು ಸೆರೆಮನೆಗೆ ಹಾಕುತ್ತಾನೆ. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡಗಳ ಕಾವಲು. ಸಭೆಯವರು ಪಟ್ಟು ಹಿಡಿದು ಪ್ರಾರ್ಥಿಸುತ್ತಾರೆ. ರಾತ್ರಿ ದೇವದೂತ ಬರುತ್ತಾನೆ, ಸರಪಣಿ ಕಳಚಿ ಬೀಳುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ. ಪೇತ್ರ ಬಂದು ಬಾಗಿಲು ತಟ್ಟಿದರೆ ರೋದೆ ಅನ್ನುವ ಹುಡುಗಿ ದನಿ ಗುರುತು ಹಿಡಿದು, ಖುಷಿಗೆ ಬಾಗಿಲನ್ನೇ ತೆಗೆಯದೆ ಒಳಗೆ ಓಡುತ್ತಾಳೆ. ಒಳಗೆ ಅವನಿಗಾಗಿಯೇ ಪ್ರಾರ್ಥಿಸುತ್ತಿದ್ದವರು "ನಿನಗೆ ಹುಚ್ಚು" ಅನ್ನುತ್ತಾರೆ. ಅವರು ಕೇಳಿದ್ದು ಬಾಗಿಲಲ್ಲೇ ಬಂದು ನಿಂತಿದೆ, ಅವರಿಗೇ ನಂಬಿಕೆ ಇಲ್ಲ. ನಂಬಿಕೆಯ ತೂಕ ನೋಡಿ ದೇವರು ಉತ್ತರ ಕೊಡುತ್ತಾನೆ ಅನ್ನುವವರು ಈ ಮನೆಯನ್ನೊಮ್ಮೆ ಹೊಕ್ಕು ಬರಬೇಕು.

ಸಂಡೇ ಸ್ಕೂಲಿನಲ್ಲಿ ನಮಗೆ ಹೇಳದೇ ಬಿಡುತ್ತಿದ್ದದ್ದು ಆ ಅಧ್ಯಾಯದ ಎರಡನೇ ವಚನ. ಒಂದೇ ಸಾಲು. ಹೆರೋದ ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅಷ್ಟೇ. ದೂತ ಬರಲಿಲ್ಲ, ಬಾಗಿಲು ತೆರೆಯಲಿಲ್ಲ. ಯಾಕೋಬನೂ ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬ. ಬೆಟ್ಟದ ಮೇಲೆ ಯೇಸುವಿನ ಮುಖ ಹೊಳೆದದ್ದನ್ನು ಪೇತ್ರನ ಪಕ್ಕದಲ್ಲೇ ನಿಂತು ನೋಡಿದವನು. ಸಭೆಯವರು ಅವನಿಗಾಗಿ ಪ್ರಾರ್ಥಿಸಿರಲಿಲ್ಲ ಅಂತ ಊಹಿಸಲು ನನ್ನಿಂದ ಸಾಧ್ಯವಿಲ್ಲ. ಒಂದೇ ಊರು, ಒಂದೇ ಸಭೆ, ಒಂದೇ ಅರಸ. ಇಬ್ಬರಲ್ಲಿ ಒಬ್ಬ ಮನೆಗೆ ಬಂದ. ಬರೆದ ಲೂಕ ಒಂದು ವಿವರಣೆಯನ್ನೂ ಕೊಡುವುದಿಲ್ಲ.

ಆ ರಾತ್ರಿ ನಾನು ಅತ್ತೆ. ವಿವರಣೆ ಸಿಕ್ಕಿತು ಅಂತ ಅಲ್ಲ. ನಮ್ಮ ಸರಪಳಿ ಪ್ರಾರ್ಥನೆಯ ಎರಡು ಹೆಸರುಗಳು ಆಗಲೇ ಅಲ್ಲಿ ಬರೆದಿಟ್ಟಿದ್ದವು ಅಂತ. ನಮ್ಮ ಮನೆಗೆ ಆದದ್ದು ನಂಬಿಕೆಯ ಹೊರಗಿನದಲ್ಲ. ಮೊದಲ ಸಭೆಗೇ ಆದದ್ದು.

ಯಾಕೋಬನ ತಾಯಿಯ ನೆನಪೂ ಆಯಿತು. ಆಕೆ ಒಮ್ಮೆ ಯೇಸುವಿನ ಮುಂದೆ ಬಂದು ಅಡ್ಡಬಿದ್ದು, ನಿನ್ನ ರಾಜ್ಯದಲ್ಲಿ ನನ್ನ ಈ ಇಬ್ಬರು ಮಕ್ಕಳನ್ನು ನಿನ್ನ ಎಡಬಲದಲ್ಲಿ ಕೂರಿಸು ಅಂತ ಕೇಳಿಕೊಂಡಿದ್ದಳು. ಮಕ್ಕಳಿಗಾಗಿ ತಾಯಿ ಕೇಳುವುದು ಹೀಗೇ ಅಲ್ವಾ, ಲೆಕ್ಕ ಹಾಕದೆ. ಯೇಸು ಬೈಯಲಿಲ್ಲ. ನೀವು ಏನು ಕೇಳುತ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲ, ನಾನು ಕುಡಿಯುವ ಪಾತ್ರೆಯಲ್ಲಿ ನೀವು ಕುಡಿಯಬಲ್ಲಿರಾ ಅಂತ ಆ ಮಕ್ಕಳನ್ನು ಕೇಳಿದ.

ಆ ಪಾತ್ರೆ, ಅಂದರೆ ಅನುಭವಿಸಬೇಕಾದ ಕಷ್ಟ, ಮತ್ತೆ ಬರುವುದು ಯೇಸುವನ್ನು ಹಿಡಿದ ರಾತ್ರಿ, ಗೆತ್ಸೆಮನೆ ತೋಟದಲ್ಲಿ. "ಅಪ್ಪಾ, ತಂದೆಯೇ, ಎಲ್ಲವೂ ನಿನಗೆ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು." ಮಗ ಅಪ್ಪನನ್ನು ಕೇಳುವ ಮಾತು. ಬರೀ ನಾಟಕಕ್ಕೆ ಆಡಿದ್ದಲ್ಲ. ನಿಜವಾಗಿಯೂ ಬೇಡ ಅನ್ನಿಸಿ ಕೇಳಿದ್ದು. ಒಂದು ಸಲವಲ್ಲ, ಮೂರು ಸಲ. ಪಾತ್ರೆ ತೊಲಗಲಿಲ್ಲ. ಮಾರನೇ ದಿನ ಶಿಲುಬೆ. ಅಲ್ಲಿ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ?" ಅನ್ನುವ ಕೂಗು. ಶುಭ ಶುಕ್ರವಾರ ಮೂರು ತಾಸಿನ ಆರಾಧನೆಯಲ್ಲಿ ಈ ಮಾತನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ತಮ್ಮ ಹೋದ ಮೇಲಷ್ಟೇ ಅದು ನನ್ನ ಕಿವಿಗೆ ಬಿತ್ತು.

ಈಗ ನಾನು ಎಷ್ಟು ಸಲ ಓದಿದರೂ ಸಾಲದು ಅನ್ನಿಸುವ ವಚನಕ್ಕೆ ಬರುತ್ತೇನೆ. ಇಬ್ರಿಯರಿಗೆ ಬರೆದ ಪತ್ರಿಕೆ, 5ನೇ ಅಧ್ಯಾಯ, 7ನೇ ವಚನ. ಯೇಸು ಈ ಭೂಮಿಯಲ್ಲಿದ್ದಾಗ, ತನ್ನನ್ನು ಮರಣದಿಂದ ಕಾಪಾಡಬಲ್ಲ ದೇವರಿಗೆ ಗಟ್ಟಿಯಾಗಿ ಕೂಗುತ್ತಾ, ಕಣ್ಣೀರು ಸುರಿಸುತ್ತಾ ಪ್ರಾರ್ಥಿಸಿದ ಅಂತ ಅಲ್ಲಿದೆ. ಮುಂದಿನ ಮಾತು: ಆತನ ಭಯಭಕ್ತಿಯ ನಿಮಿತ್ತ ಆ ಪ್ರಾರ್ಥನೆ ಕೇಳಲ್ಪಟ್ಟಿತು.

ಕೇಳಲ್ಪಟ್ಟಿತು! ಈ ಪತ್ರಿಕೆ ಬರೆದವನಿಗೆ ಶಿಲುಬೆಯ ವಿಷಯ ಗೊತ್ತಿಲ್ಲದೆ ಇಲ್ಲ. ಆ ಪತ್ರಿಕೆ ತುಂಬ ಇರುವುದೇ ಅದು. ಆತನು ಸತ್ತದ್ದು ಗೊತ್ತಿದ್ದೂ, ಪಾತ್ರೆ ಕುಡಿದದ್ದು ಗೊತ್ತಿದ್ದೂ, ಪ್ರಾರ್ಥನೆ ಕೇಳಲ್ಪಟ್ಟಿತು ಅಂತ ಬರೆದಿದ್ದಾನೆ. ಮರಣದಿಂದ ಕಾಪಾಡುವುದು ಅಂದರೆ ಸಾಯದಂತೆ ತಡೆಯುವುದೊಂದೇ ಅಲ್ಲ, ಸಾವಿನ ಆಚೆಯಿಂದ ಎಬ್ಬಿಸಿ ತರುವುದೂ ಹೌದು. ಭಾನುವಾರ ಬೆಳಗ್ಗೆ ಸಮಾಧಿ ಖಾಲಿಯಾದದ್ದು ಆ ಪ್ರಾರ್ಥನೆಗೆ ಬಂದ ಉತ್ತರ. ಆದರೆ ಗುರುವಾರ ರಾತ್ರಿ ತೋಟದಲ್ಲಿ ಅದು ಯಾರ ಕಣ್ಣಿಗೂ ಕಾಣಿಸುತ್ತಿರಲಿಲ್ಲ. ಶಿಷ್ಯರು ನಿದ್ದೆ ಹೋಗಿದ್ದರು. ಆಕಾಶದಿಂದ ಮಾತೂ ಬರಲಿಲ್ಲ. ಯೇಸುವಿನ ಪ್ರಾರ್ಥನೆಯನ್ನೇ ದೇವರು ಕೇಳಿಸಿಕೊಂಡೂ ಆ ರಾತ್ರಿ ಬೇಡಿದಂತೆ ಮಾಡಲಿಲ್ಲ ಅಂದಮೇಲೆ, ನನ್ನ ರಾತ್ರಿ ಎರಡು ಗಂಟೆಯ ಬಗ್ಗೆ ನಾನು ಕೇಳಿಸಲಿಲ್ಲ ಅಂತ ತೀರ್ಪು ಕೊಡುವುದು ಹೇಗೆ?

ನಾನು ಇಲ್ಲಿ ಜಾಗ್ರತೆಯಿಂದ ಮಾತಾಡಬೇಕು. "ಬೇಡಿಕೊಳ್ಳಿರಿ, ನಿಮಗೆ ದೊರೆಯುವದು" ಅಂತ ಹೇಳಿದ್ದೂ ಇದೇ ಯೇಸು. ಅದನ್ನು ನೀರು ಬೆರೆಸಿ ತೆಳ್ಳಗೆ ಮಾಡಲು ನನಗೆ ಇಷ್ಟವಿಲ್ಲ. ಆ ಮಾತಿನ ಬೆನ್ನಿಗೇ ರೊಟ್ಟಿ ಕೇಳಿದ ಮಗನಿಗೆ ಕಲ್ಲು ಕೊಡುವ ಅಪ್ಪ ಇದ್ದಾನೆಯೇ ಅನ್ನುವ ಪ್ರಶ್ನೆ ಇದೆ. ನಾವು ಕೇಳಿದ್ದು ರೊಟ್ಟಿ. ತಮ್ಮನ ಉಸಿರು. ಅದಕ್ಕಿಂತ ಒಳ್ಳೆಯ ರೊಟ್ಟಿ ಯಾವುದಿದೆ? ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಆ ಕಲ್ಲು ಇನ್ನೂ ನನ್ನ ಕೈಯಲ್ಲಿದೆ. ಅದನ್ನು ಹಿಡಿದುಕೊಂಡೇ ಅಪ್ಪನ ಮುಂದೆ ನಿಲ್ಲಬಹುದು ಅಂತ ಮಾತ್ರ ಈಗ ಗೊತ್ತಾಗಿದೆ. ಬೈಬಲ್ಲಿನ ಕೀರ್ತನೆಗಳನ್ನು ಬರೆದವರು ಮಾಡಿದ್ದೂ ಅದನ್ನೇ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳು. ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅನ್ನುತ್ತದೆ 13ನೆಯದು. ಕೊನೆಗಾದರೂ ಒಂದು ಸ್ತುತಿ ಬರುತ್ತದೆ ಅಂತ ಕಾದರೆ 88ನೆಯದು ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಅದನ್ನೂ ದೇವರ ವಾಕ್ಯ ಅಂತ ಕಟ್ಟಿ ನಮ್ಮ ಕೈಗೆ ಕೊಟ್ಟಿದ್ದಾರೆ. ಕೇಳಿಸಿಕೊಳ್ಳುವವನು ಇಲ್ಲ ಅಂತ ಅನ್ನಿಸಿದ್ದರೆ ಅಷ್ಟು ಸಿಟ್ಟಿನಿಂದ ಯಾರ ಹತ್ತಿರ ಜಗಳ ಆಡುತ್ತಿದ್ದರು?

1831ರಲ್ಲಿ ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಆಮೇಲೆ ಎಷ್ಟೋ ಕೈಗಳು ಅದನ್ನು ತಿದ್ದಿವೆ. ನಾವು ಚರ್ಚಿನಲ್ಲಿ ಓದುವ ಕೀರ್ತನೆಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳನ್ನು ನೋಡಿ: ಕಿವಿಗೊಡು, ಲಾಲಿಸು, ಲಕ್ಷಿಸು, ಸದುತ್ತರವನ್ನು ದಯಪಾಲಿಸು. ಲಾಲಿಸು ಅನ್ನುವುದಕ್ಕೆ ಹಳೆಯ ಕನ್ನಡದಲ್ಲಿ ಗಮನ ಕೊಟ್ಟು ಕೇಳು ಅನ್ನುವ ಅರ್ಥ. ಮಗುವನ್ನು ಮುದ್ದು ಮಾಡು ಅನ್ನುವ ಅರ್ಥವೂ ಅದಕ್ಕಿದೆ. ಆ ಪದ ಆರಿಸಿದವರು ಯಾರೋ, ಅವರ ಕೈಗೆ ನನ್ನ ವಂದನೆ. ನನ್ನ ಪ್ರಾರ್ಥನೆಯನ್ನು ಲಾಲಿಸು ಅಂದಾಗ, ಕೆಲಸ ಮಾಡಿಕೊಡು ಅನ್ನುವುದಕ್ಕಿಂತ ಮೊದಲು, ತೊಡೆಯ ಮೇಲೆ ಎತ್ತಿಕೊಂಡು ಕೇಳಿಸಿಕೋ ಅಂತ ನನಗೆ ಕೇಳಿಸುತ್ತದೆ.

ಬೈಬಲ್ಲಿನಲ್ಲಿ ಕೇಳುವುದರ ಹೆಸರನ್ನೇ ಇಟ್ಟುಕೊಂಡವರು ಇದ್ದಾರೆ. ಇಷ್ಮಾಯೇಲ ಅಂದರೆ ದೇವರು ಕೇಳುತ್ತಾನೆ ಅಂತ. ಅವನ ತಾಯಿ ಹಾಗರಳು ದಾಸಿ. ಬಸುರಿ. ಯಜಮಾನಿಯ ಕಾಟ ತಡೆಯಲಾರದೆ ಅಡವಿಗೆ ಓಡಿಬಂದವಳು. ಅವಳು ಪ್ರಾರ್ಥಿಸಿದಳು ಅಂತಲೂ ಅಲ್ಲಿ ಬರೆದಿಲ್ಲ. ಆದರೂ ದೂತ ಅವಳಿಗೆ ಹೇಳುವುದು, ನಿನ್ನ ಗೋಳನ್ನು ಯೆಹೋವ ಕೇಳಿದ್ದಾನೆ, ಹುಟ್ಟುವ ಮಗನಿಗೆ ಇಷ್ಮಾಯೇಲ ಅಂತ ಹೆಸರಿಡು ಎಂದು. ಕೇಳಿದ ಮೇಲೆ ಅವಳನ್ನು ಬಿಡಿಸಿದನೇ? ಇಲ್ಲ. ಅದೇ ಯಜಮಾನಿಯ ಬಳಿಗೆ ಹಿಂತಿರುಗಿ ಹೋಗು ಅಂದ. ಈ ಭಾಗ ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಹಾಗರಳು ದೂರಲಿಲ್ಲ. ನನ್ನನ್ನು ನೋಡುವ ದೇವರು ನೀನು ಅಂತ ದೇವರಿಗೇ ಒಂದು ಹೆಸರಿಟ್ಟಳು. ಆಮೇಲೆ ಆ ಮನೆಯಲ್ಲಿ ಮಗನನ್ನು ಊಟಕ್ಕೆ ಕರೆದಾಗಲೆಲ್ಲ ಅವಳ ಬಾಯಲ್ಲಿ ಬರುತ್ತಿದ್ದದ್ದು ದೇವರು ಕೇಳುತ್ತಾನೆ ಅನ್ನುವ ಮಾತು.

ಹನ್ನಳ ಕತೆ ಅಮ್ಮನಿಗೆ ಇಷ್ಟ. ಮಕ್ಕಳಿಲ್ಲದ ಹನ್ನಳು ದೇವರ ಗುಡಿಯಲ್ಲಿ ಅಳುತ್ತಾ ಪ್ರಾರ್ಥಿಸುತ್ತಾಳೆ. ತುಟಿ ಮಾತ್ರ ಅಲ್ಲಾಡುತ್ತದೆ, ದನಿ ಕೇಳಿಸುವುದಿಲ್ಲ. ಯಾಜಕನಾದ ಏಲಿ ಅವಳು ಕುಡಿದಿದ್ದಾಳೆ ಅಂದುಕೊಳ್ಳುತ್ತಾನೆ. "ಅವಳದು ಯಾರಿಗೂ ಕೇಳಿಸ್ತಿರಲಿಲ್ಲ, ನಂದು ಎಲ್ರಿಗೂ ಕೇಳಿಸತ್ತೆ. ಅವನಿಗೆ ಎರಡೂ ಒಂದೇ" ಅನ್ನುತ್ತಾಳೆ ಅಮ್ಮ.

ಈ ಊರಲ್ಲಿ ಕೇಳುವವರು ಎಷ್ಟು ಜನ! ಗುರುವಾರ ವಿವೇಕನಗರದ ಬಾಲ ಯೇಸುವಿನ ಚರ್ಚಿನ ಕಡೆ ಹೋದರೆ ಗೊತ್ತಾಗುತ್ತದೆ. 1971ರಲ್ಲಿ ಶುರುವಾದ ಆ ಚರ್ಚಿಗೆ ಇವತ್ತು ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಪಕ್ಕದ ಮನೆಯಾಕೆಯೂ ಅಲ್ಲಿಗೆ ಹೋಗುವವರೇ. ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಹಬ್ಬ. 1882ರಲ್ಲಿ ಪ್ರತಿಷ್ಠೆಯಾದ ಚರ್ಚು ಅದು. ಆ ದಿನಗಳಲ್ಲಿ ಕಾವಿ ಸೀರೆ ಉಟ್ಟ ಹೆಂಗಸರು ಬಸ್‌ಸ್ಟ್ಯಾಂಡಿನ ತುಂಬ. ಇವೆರಡೂ ಕ್ಯಾಥೊಲಿಕ್ ಚರ್ಚುಗಳು. ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರಾಟೆಸ್ಟೆಂಟ್ ಸಭೆಯವರು, ನಮ್ಮ ರೀತಿ ಬೇರೆ. ಆದರೆ ಆ ಜನರ ನಡುವೆ ನಿಂತಾಗ ನನಗೆ ವ್ಯತ್ಯಾಸಕ್ಕಿಂತ ಜಾಸ್ತಿ ಕಾಣಿಸುವುದು ಅವರ ಮುಖ. ಕೆಲಸ, ಮದುವೆ, ಮಗು, ಗಂಡನ ಕುಡಿತ, ಸ್ಕ್ಯಾನಿಂಗ್ ರಿಪೋರ್ಟು. ಇವರಲ್ಲಿ ಎಷ್ಟೋ ಜನ ಬೇಡಿದ್ದು ಸಿಗದೆ ಮನೆಗೆ ಹೋಗುತ್ತಾರೆ. ಮುಂದಿನ ಗುರುವಾರ ಮತ್ತೆ ಬರುತ್ತಾರೆ. ಇದನ್ನು ಮೂಢತನ ಅನ್ನುವವರಿದ್ದಾರೆ. ಎರಡು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದ ನನಗೆ ಹಾಗೆ ಅನ್ನಿಸುವುದಿಲ್ಲ. ಬರೀ ಸಿಗುವುದಕ್ಕಾಗಿಯೇ ಬರುವವರು ಎರಡನೇ ಸಲಕ್ಕೆ ನಿಂತುಬಿಡುತ್ತಿದ್ದರು. ಯಾರೋ ಕೇಳಿಸಿಕೊಂಡರು ಅನ್ನುವುದು ಅವರಿಗೆ ಎಲ್ಲೋ ಗೊತ್ತಾಗಿರುತ್ತದೆ.

ನನಗೆ ಅದು ಗೊತ್ತಾದದ್ದು ಒಂದು ಕಿವಿಯ ಮೂಲಕ. ಗೆತ್ಸೆಮನೆಯ ಭಾಗವನ್ನು ಲೂಕನ ಸುವಾರ್ತೆಯಲ್ಲಿ ಓದುತ್ತಿದ್ದೆ. ಯೇಸು ಪ್ರಾರ್ಥನೆ ಮುಗಿಸಿ ಏಳುತ್ತಾನೆ. ಹಿಡಿಯಲು ಬಂದವರು ಎದುರಿಗೆ ನಿಂತಿದ್ದಾರೆ. ಶಿಷ್ಯನೊಬ್ಬ ಕತ್ತಿ ಬೀಸಿ ಮಹಾಯಾಜಕನ ಆಳಿನ ಬಲಗಿವಿ ಕತ್ತರಿಸುತ್ತಾನೆ. ಯೇಸು, ಇಷ್ಟೇ ಸಾಕು ಅಂತ ತಡೆದು, ಆ ಆಳಿನ ಕಿವಿ ಮುಟ್ಟಿ ವಾಸಿ ಮಾಡುತ್ತಾನೆ. ಶಿಲುಬೆಗೆ ಮುಂಚೆ ಆತನು ವಾಸಿ ಮಾಡಿದ್ದರಲ್ಲಿ ಅದೇ ಕೊನೆಯದು. ಸ್ವಲ್ಪ ಹೊತ್ತಿನ ಮುಂಚೆ ಬೆವರು ರಕ್ತದ ಹನಿಗಳಂತೆ ಬೀಳುವಷ್ಟು ಬೇಡಿಕೊಂಡು, ಕೇಳಿದ್ದು ಸಿಗದೆ ಎದ್ದವನು, ತನ್ನನ್ನು ಹಿಡಿಯಲು ಬಂದವನ ಕಿವಿಯನ್ನು ಸರಿಮಾಡುತ್ತಿದ್ದಾನೆ. ಆ ಬೆರಳುಗಳು ಇನ್ನೊಮ್ಮೆ, ದೆಕಪೊಲಿಯ ಸೀಮೆಯಲ್ಲಿ, ಒಬ್ಬ ಕಿವುಡನ ಕಿವಿಯಲ್ಲಿ ಇಟ್ಟ ಬೆರಳುಗಳು. ಮಾರ್ಕ ಅದನ್ನು ಬರೆದಿದ್ದಾನೆ. ಜನರ ಗುಂಪಿನಿಂದ ಅವನನ್ನು ಒತ್ತಟ್ಟಿಗೆ ಕರೆದುಕೊಂಡು ಹೋಗಿ, ಆಕಾಶ ನೋಡಿ ನಿಟ್ಟುಸಿರು ಬಿಟ್ಟು, ತೆರೆಯಲಿ ಅಂದನಂತೆ. ದೇವರು ನಿಟ್ಟುಸಿರು ಬಿಡುತ್ತಾನೆ ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅಮ್ಮನ ಕಿವಿ ತೆರೆದಿಲ್ಲ. ಅವಳಿಗಾಗಿಯೂ ಪ್ರಾರ್ಥಿಸಿದವರಿದ್ದಾರೆ.

ಮಾರನೇ ದಿನ ಐದು ಗಂಟೆಗೆ ಎದ್ದು ಅಮ್ಮನ ಚಾಪೆಯ ಹತ್ತಿರ ಕೂತೆ. ಅವಳು ಕಣ್ಣು ಬಿಟ್ಟು ನೋಡಿ, ಸ್ವಲ್ಪ ಸರಿದು ಜಾಗ ಮಾಡಿದಳು. ಹೆಸರುಗಳೆಲ್ಲ ಮುಗಿದವು. ತಮ್ಮನದೂ ಬಂತು. ಆಮೆನ್ ಅನ್ನುವ ಬದಲು ನನ್ನ ಕಡೆ ತಿರುಗಿ ತಲೆಯಾಡಿಸಿದಳು. ನೀನು ಮಾಡು ಅಂತ.

ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಸುಮ್ನೆ "ಅಪ್ಪಾ" ಅಂದೆ. ಆಮೇಲೆ ಮಾತು ಬಂತು. ಜೋರಾಗಿ ಅಲ್ಲ, ನನಗಷ್ಟೇ ಕೇಳಿಸುವಷ್ಟು. ಸರಪಳಿ ಪ್ರಾರ್ಥನೆಯ ರಾತ್ರಿಗಳು, ಆ ಹೆಂಗಸಿನ ಸಾಕ್ಷಿ, ಚಪ್ಪಲಿಗಳ ನಡುವೆ ನಿಂತಿದ್ದು, ಜೆರಾಕ್ಸ್ ಅಂಗಡಿಯ ಬೀಗ ನಾನೇ ಹಾಕಿ ಬಂದಿದ್ದು. ಎಷ್ಟು ಹೊತ್ತಾಯಿತೋ. ನಡುವೆ ಬೆನ್ನ ಮೇಲೆ ಏನೋ ಬಿಸಿ ತಾಗಿತು. ಅಮ್ಮನ ಅಂಗೈ. ಬೆಂಚಿನ ಮೇಲೆ ಇಡುವ ಹಾಗೆ ಚಪ್ಪಟೆಯಾಗಿ ಇಟ್ಟಿದ್ದಳು. ನನ್ನ ಮಾತು ನಿಂತಿತು. ಒಂದು ಕ್ಷಣ ಕಾದು, ಬೀದಿಗೆಲ್ಲ ಕೇಳಿಸುವಂತೆ ಅವಳೇ ಆಮೆನ್ ಅಂದಳು.

ಚಾಪೆ ಸುತ್ತುತ್ತಾ ಕೇಳಿದಳು, "ಏನು ಕೇಳ್ದೆ?"

"ಏನೂ ಕೇಳಲಿಲ್ಲಮ್ಮ" ಅಂದೆ. ಅವಳಿಗೆ ಕೇಳಿಸಲಿಲ್ಲ. ಕಿಟಕಿಯ ಹತ್ತಿರ ಹೋಗಿ ಡಬ್ಬಿ ತೆಗೆದು ಮಿಷನ್ ಹಾಕಿಕೊಂಡು, ಮತ್ತೆ ನನ್ನ ಎದುರು ಬಂದು ಕೂತಳು.